ಜಿಲಿಬ್‌ಸಿ 2.34 ಇಲ್ಲ ಅಂದರೆ ಅದೊಂದನ್ನೇ ಬದಲಿಸಲು ಹೋಗಬೇಡಿ

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಮಷಿನ್ ಶಾಪ್ ಇದೆ. ಆಫೀಸ್ ಕಂಪ್ಯೂಟರಿನಲ್ಲಿ ಉಬುಂಟು 20.04. ಕಂಪ್ಯೂಟರ್ ಪ್ರೋಗ್ರಾಮಿನಂತೆ ಲೋಹ ಕೊರೆಯುವ ಸಿಎನ್‌ಸಿ ಮಷಿನ್ನಿಗೆ ಪ್ರೋಗ್ರಾಂ ಕಳಿಸುವ ಹಳೇ ಸಾಫ್ಟ್‌ವೇರ್ ಕೂಡ ಅದರಲ್ಲೇ ಓಡುತ್ತದೆ. ಅದನ್ನು ಮಾಡಿಕೊಟ್ಟವರು ಈಗ ಕೈಗೆ ಸಿಗುವುದಿಲ್ಲ. ಗಿರಾಕಿಗಳು ಕಳಿಸುವ ಸ್ಟೆಪ್ ಎಂಬ ಮೂರು ಆಯಾಮದ ಡ್ರಾಯಿಂಗ್ ನೋಡಲೆಂದು ಹೊಸದೊಂದು ಸಾಫ್ಟ್‌ವೇರ್ ಇಳಿಸಿಕೊಂಡೆ. ತೆರೆಯಲು ಹೋದರೆ ‘ಲಿಬ್‌ಸಿ ಡಾಟ್ ಎಸ್‌ಒ ಡಾಟ್ 6: ವರ್ಶನ್ ಜಿಲಿಬ್‌ಸಿ 2.34 ನಾಟ್ ಫೌಂಡ್’ ಎಂದು ಬರುತ್ತದೆ. ಹೊಸ ಉಬುಂಟುವಿನ ಲಿಬ್‌ಸಿ6 ಪ್ಯಾಕೇಜ್ ತಂದು ‘ಫೋರ್ಸ್ ಹಾಕ್ರೀ, ಏನೂ ಆಗಂಗಿಲ್ಲ’ ಅಂತ ಗೆಳೆಯರು ಹೇಳುತ್ತಾರೆ. ಹಾಗೆ ಮಾಡಬಹುದೇ? ಪೂರ್ತಿ ಉಬುಂಟುವನ್ನೇ ಹೊಸದು ಮಾಡಿದರೆ ಹಳೇ ಸಾಫ್ಟ್‌ವೇರ್ ನಿಂತುಹೋದೀತೇ?

ಉತ್ತರ: ಫೋರ್ಸ್ ಹಾಕಬೇಡಿ, ಅಂದರೆ ಕಂಪ್ಯೂಟರ್ ಬೇಡವೆಂದರೂ ಬಲವಂತವಾಗಿ ಆ ಪ್ಯಾಕೇಜ್ ತುರುಕಬೇಡಿ. ಉಳಿದದ್ದನ್ನು ಓದಲು ಈಗ ಪುರುಸೊತ್ತು ಇಲ್ಲದಿದ್ದರೆ ಇಷ್ಟು ನೆನಪಿಟ್ಟುಕೊಂಡು ಕೆಲಸಕ್ಕೆ ಹೋಗಿ. ಮಷಿನ್ ಓಡುತ್ತಿರುವ ಕಂಪ್ಯೂಟರು ಇವತ್ತು ಹೇಗಿದೆಯೋ ಹಾಗೇ ಇರಲಿ.

ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣವಿದೆ. ಹತ್ತು ವರ್ಷಕ್ಕೂ ಹಿಂದೆ ನಮ್ಮ ಊರಿನ ಒಂದು ಕಾಲೇಜಿನ ಲ್ಯಾಬಿನಲ್ಲಿ ಇದೇ ತಪ್ಪನ್ನು ನಾನು ಮಾಡಿದ್ದೇನೆ. ಅಲ್ಲಿನ ಸರ್ವರಿನಲ್ಲಿದ್ದದ್ದು ಸೆಂಟ್‌ಓಎಸ್ 6 ಎಂಬ ಲಿನಕ್ಸ್, ಅದರ ಜಿಲಿಬ್‌ಸಿ (ಹೆಚ್ಚೂಕಡಿಮೆ ಎಲ್ಲ ಪ್ರೋಗ್ರಾಂಗಳೂ ಹಂಚಿಕೊಂಡು ಬಳಸುವ ಮೂಲ ಲೈಬ್ರರಿ) 2.12. ವಿದ್ಯಾರ್ಥಿಯೊಬ್ಬ ತಂದ ಪ್ರೋಗ್ರಾಂ 2.14 ಕೇಳುತ್ತಿತ್ತು. ಸೋರ್ಸ್‌ನಿಂದ 2.14 ಕಟ್ಟಿ, ಆ ಒಂದು ಫೈಲನ್ನು ಲಿಬ್64 ಫೋಲ್ಡರಿಗೆ ಹಾಕಿ, ಹಳೆಯದನ್ನು ತೋರಿಸುತ್ತಿದ್ದ ಲಿಂಕನ್ನು ಹೊಸದರ ಕಡೆ ತಿರುಗಿಸಿದೆ. ಕಮಾಂಡ್ ಸದ್ದಿಲ್ಲದೆ ಮುಗಿಯಿತು. ಆಮೇಲೆ ಫೈಲುಗಳ ಪಟ್ಟಿ ತೋರಿಸುವ ಎಲ್‌ಎಸ್ ಎಂದು ಟೈಪ್ ಮಾಡಿದರೆ ದೋಷ. ನಕಲು ಮಾಡುವ ಸಿಪಿ ಎಂದರೆ ದೋಷ. ಅಡ್ಮಿನ್ ಅಧಿಕಾರ ಕೊಡುವ ಸುಡೊ ಎಂದರೂ ಅದೇ. ಪ್ರತಿ ಸಲ ತೆರೆಯ ಮೇಲೆ ‘ಜಿಲಿಬ್‌ಸಿ ಪ್ರೈವೇಟ್’ ಎಂಬ ಗುರುತಿನ ಸಿಂಬಲ್ ಸರಿಹೊಂದುತ್ತಿಲ್ಲ ಎಂಬ ದೂರು. ಹೊರಗೆ ಜುಲೈ ತಿಂಗಳ ಬೆಳಗಾವಿ ಮಳೆ, ಕರೆಂಟು ಹೋಗಿ ಬರುತ್ತಿತ್ತು. ಯುಪಿಎಸ್ ಕೈಕೊಟ್ಟು ಸರ್ವರ್ ಒಮ್ಮೆ ಬಂದ್ ಆದರೆ ಮತ್ತೆ ಏಳುವುದಿಲ್ಲ, ಯಾಕೆಂದರೆ ಬೂಟ್ ಆಗುವಾಗ ಮೊದಲು ಓಡುವ ಇನಿಟ್ ಕೂಡ ಇದೇ ಲೈಬ್ರರಿಯ ಮೇಲೆ ನಿಂತಿದೆ.

ಅವತ್ತು ನಮ್ಮನ್ನು ಉಳಿಸಿದ್ದು ತೆರೆದೇ ಇದ್ದ ಒಂದು ರೂಟ್ (ಪೂರ್ಣ ಅಧಿಕಾರದ) ಟರ್ಮಿನಲ್. ಮೊದಲೇ ಓಡುತ್ತಿರುವ ಪ್ರೋಗ್ರಾಂ ಹಳೇ ಲೈಬ್ರರಿಯನ್ನು ಮೆಮೊರಿಯಲ್ಲಿ ಹಿಡಿದುಕೊಂಡೇ ಇರುತ್ತದೆ. ಹಾಗಾಗಿ ಟರ್ಮಿನಲ್‌ನಲ್ಲಿ ನಮ್ಮ ಕಮಾಂಡ್ ಓದಿ ನಡೆಸುವ ಬ್ಯಾಶ್ ಜೀವಂತವಿತ್ತು. ಅದರ ಒಳಗೇ ಇರುವ ಸಿಡಿ, ಎಕೋ ಕಮಾಂಡ್‌ಗಳು ನಡೆಯುತ್ತಿದ್ದವು. ಎಲ್‌ಎಸ್ ಇಲ್ಲದ್ದಕ್ಕೆ ‘ಎಕೋ’ ಮುಂದೆ ನಕ್ಷತ್ರ ಚಿಹ್ನೆ ಹಾಕಿ ಫೋಲ್ಡರಿನಲ್ಲಿ ಏನೇನಿದೆ ಎಂದು ನೋಡಿದೆ. 2.12ರ ಹಳೇ ಫೈಲು ಅಲ್ಲೇ ಇತ್ತು. ಯಾವ ಲೈಬ್ರರಿಯನ್ನು ಮೊದಲು ಹಾಕಿಕೊಳ್ಳಬೇಕೆಂದು ಹೇಳುವ ಎಲ್‌ಡಿ ಪ್ರಿಲೋಡ್ ಎಂಬ ವೇರಿಯಬಲ್‌ನಲ್ಲಿ ಆ ಹಳೇ ಫೈಲಿನ ಪೂರ್ತಿ ದಾರಿ ಕೊಟ್ಟು, ಅದೇ ಸಾಲಿನಲ್ಲಿ ಲಿಂಕ್ ಮಾಡುವ ಎಲ್‌ಎನ್ ಕಮಾಂಡ್ ಓಡಿಸಿ ಲಿಂಕನ್ನು ಹಿಂದಕ್ಕೆ ತಿರುಗಿಸಿದೆ. ಎಲ್‌ಎಸ್ ಮತ್ತೆ ನಡೆಯಿತು. ಆ ಕಿಟಕಿಯನ್ನು ಮುಚ್ಚಿದ್ದರೆ ಅಥವಾ ಐದು ನಿಮಿಷ ಮೊದಲು ಕರೆಂಟು ಹೋಗಿದ್ದರೆ ಇಡೀ ವಿಭಾಗದ ಕೆಲಸ ಮರುದಿನ ನಿಲ್ಲುತ್ತಿತ್ತು.

ಈಗ ನಿಮ್ಮ ದೋಷಕ್ಕೆ ಬರೋಣ. ಲಿನಕ್ಸಿನಲ್ಲಿ ಫೈಲ್ ತೆರೆಯುವುದು, ಮೆಮೊರಿ ಕೇಳುವುದು, ತೆರೆಯ ಮೇಲೆ ಅಕ್ಷರ ಮೂಡಿಸುವುದು ಎಲ್ಲ ಹೆಚ್ಚೂಕಡಿಮೆ ಜಿಲಿಬ್‌ಸಿ ಮೂಲಕವೇ ನಡೆಯುತ್ತದೆ. ಅದರ ಫೈಲಿನ ಹೆಸರಿನ ಕೊನೆಯಲ್ಲಿರುವ 6 ಎಂಬ ಅಂಕಿ 1997ರಿಂದ ಬದಲಾಗಿಲ್ಲ. ಬದಲಾಗುವುದು ಒಳಗಿನ ಸಿಂಬಲ್‌ಗಳು, ಅಂದರೆ ಒಂದೊಂದು ಫಂಕ್ಷನ್ನಿಗೂ ಅಂಟಿಸಿದ ಆವೃತ್ತಿಯ ಚೀಟಿ. ವರ್ಷಕ್ಕೆರಡು ಸಲ, ಫೆಬ್ರವರಿಯಲ್ಲಿ ಮತ್ತು ಆಗಸ್ಟ್‌ನಲ್ಲಿ, ಹೊಸ ಜಿಲಿಬ್‌ಸಿ ಬರುತ್ತದೆ. ಹೊಸದರಲ್ಲಿ ಹಳೇ ಚೀಟಿಗಳೂ ಇರುತ್ತವೆ, ಆದ್ದರಿಂದ ಹಳೇ ಪ್ರೋಗ್ರಾಂ ಹೊಸ ವ್ಯವಸ್ಥೆಯಲ್ಲಿ ಓಡುತ್ತದೆ. ಹಳೆಯದರಲ್ಲಿ ಹೊಸ ಚೀಟಿ ಇರಲು ಸಾಧ್ಯವಿಲ್ಲ. ಹಾಗಾಗಿ ಹೊಸ ವ್ಯವಸ್ಥೆಯಲ್ಲಿ ಕಟ್ಟಿದ ಪ್ರೋಗ್ರಾಂ ಹಳೆಯದರಲ್ಲಿ ಓಡುವುದಿಲ್ಲ. ಉಬುಂಟು 20.04ರಲ್ಲಿರುವುದು 2.31, 22.04ರಲ್ಲಿ 2.35, 24.04ರಲ್ಲಿ 2.39. ನಿಮ್ಮ ಡ್ರಾಯಿಂಗ್ ಸಾಫ್ಟ್‌ವೇರನ್ನು 22.04 ಅಥವಾ ಅಂಥದ್ದೇ ಹೊಸ ವ್ಯವಸ್ಥೆಯ ಮೇಲೆ ಕಟ್ಟಿದ್ದಾರೆ, ಅಷ್ಟೇ ಆಗಿರುವುದು.

ಬೇರೆ ಯಾವ ಅಂಕಿಯೂ ಅಲ್ಲ, 2.34 ಎಂಬುದೇ ಎಲ್ಲರ ತೆರೆಯ ಮೇಲೂ ಯಾಕೆ ಬರುತ್ತದೆ? 2021ರ ಆಗಸ್ಟ್‌ನಲ್ಲಿ ಬಂದ ಆ ಆವೃತ್ತಿಯಲ್ಲಿ ಪ್ರತಿ ಪ್ರೋಗ್ರಾಮನ್ನೂ ಆರಂಭಿಸುವ ‘ಲಿಬ್‌ಸಿ ಸ್ಟಾರ್ಟ್ ಮೇನ್’ ಎಂಬ ಫಂಕ್ಷನ್ನಿಗೇ ಹೊಸ ಚೀಟಿ ಬಿತ್ತು. ಜೊತೆಗೆ, ಅಲ್ಲಿಯವರೆಗೆ ಬೇರೆ ಫೈಲಿನಲ್ಲಿದ್ದ, ಏಕಕಾಲಕ್ಕೆ ಹಲವು ಕೆಲಸ ನಡೆಸಲು ಬೇಕಾದ ಪಿಥ್ರೆಡ್ ಲೈಬ್ರರಿಯನ್ನು ಲಿಬ್‌ಸಿ ಒಳಕ್ಕೇ ಸೇರಿಸಿದರು. ಇದರ ಪರಿಣಾಮ, 2.34 ಅಥವಾ ಅದರ ನಂತರದ ವ್ಯವಸ್ಥೆಯಲ್ಲಿ ‘ನಮಸ್ಕಾರ’ ಎಂದು ಒಂದೇ ಸಾಲು ಮುದ್ರಿಸುವ ಸಿ ಪ್ರೋಗ್ರಾಂ ಕಂಪೈಲ್ ಮಾಡಿದರೂ ಅದು 2.34 ಬೇಕೆನ್ನುತ್ತದೆ. ನಿಮ್ಮ ಸಾಫ್ಟ್‌ವೇರಿಗೆ ಹೊಸ ಸೌಲಭ್ಯ ಬೇಕಾಗಿದೆ ಎಂದು ಅದರ ಅರ್ಥವಲ್ಲ.

ನನ್ನನ್ನು ಕಾಡಿದ 2.14ರ ಹಿಂದೆಯೂ ಇಂಥದ್ದೇ ಕಥೆ ಇದೆ. ಮೆಮೊರಿಯ ಒಂದು ಭಾಗವನ್ನು ಇನ್ನೊಂದು ಕಡೆ ನಕಲು ಮಾಡುವ ಮೆಮ್‌ಕಾಪಿ ಫಂಕ್ಷನ್ನಿನ ವೇಗ ಹೆಚ್ಚಿಸಿದಾಗ, 2010ರಲ್ಲಿ ಫೆಡೋರಾ 14 ಬಳಸುತ್ತಿದ್ದವರ ಫ್ಲ್ಯಾಶ್ ಪ್ಲೇಯರಿನ ಧ್ವನಿ ಕೆಟ್ಟುಹೋಯಿತು. ಒಂದರ ಮೇಲೊಂದು ಬೀಳುವ ಜಾಗಗಳಿಗೆ ಮೆಮ್‌ಕಾಪಿ ಬಳಸಬಾರದು ಎಂಬ ನಿಯಮವನ್ನು ಆ ಪ್ಲೇಯರ್ ಪಾಲಿಸುತ್ತಿರಲಿಲ್ಲ. ಲಿನಸ್ ಟೋರ್ವಾಲ್ಡ್ಸ್ ಅವರೇ ಆ ಚರ್ಚೆಗೆ ಇಳಿದಿದ್ದರು. ಕೊನೆಗೆ ಹಳೇ ಪ್ರೋಗ್ರಾಂಗಳಿಗೆ ಹಳೇ ನಡವಳಿಕೆಯನ್ನೇ ಉಳಿಸಿ, ಹೊಸದಾಗಿ ಕಂಪೈಲ್ ಆಗುವವಕ್ಕೆ 2.14ರ ಚೀಟಿ ಹಾಕಿದ ಮೆಮ್‌ಕಾಪಿ ಕೊಟ್ಟರು. ಇವತ್ತಿಗೂ ಎರಡೂ ಒಂದೇ ಫೈಲಿನೊಳಗೆ ಇವೆ. ಹಳೇ ಪ್ರೋಗ್ರಾಂ ಕೆಡಬಾರದೆಂದು ಇಷ್ಟು ಕಾಳಜಿ ಮಾಡುವವರು ಕಟ್ಟಿದ ಲೈಬ್ರರಿ ಇದು. ನಿಮ್ಮ ಹಳೇ ಸಿಎನ್‌ಸಿ ಸಾಫ್ಟ್‌ವೇರ್ ಬಗ್ಗೆ ಆಮೇಲೆ ಮಾತಾಡುವಾಗ ಇದು ಕೆಲಸಕ್ಕೆ ಬರುತ್ತದೆ.

ಫೋರ್ಸ್ ಹಾಕಿದರೆ ನಿಮ್ಮಲ್ಲಿ ಏನಾಗುತ್ತದೆ? ನನ್ನ ಹಾಗೆ ತಕ್ಷಣ ಎಲ್ಲ ನಿಲ್ಲಲೇಬೇಕೆಂದಿಲ್ಲ. ಪೂರ್ತಿ ಪ್ಯಾಕೇಜ್ ಹಾಕಿದರೆ ಲಿಬ್‌ಸಿಯೂ, ಪ್ರೋಗ್ರಾಮಿಗೆ ಲೈಬ್ರರಿ ಜೋಡಿಸಿಕೊಡುವ ಅದರ ಜೊತೆಗಾರ ಲೋಡರೂ ಒಟ್ಟಿಗೇ ಬರುವುದರಿಂದ ಕಂಪ್ಯೂಟರ್ ಎದ್ದು ಓಡಲೂಬಹುದು. ನಿಮ್ಮ ಗೆಳೆಯರು ನೋಡಿರುವುದು ಅದನ್ನೇ ಇರಬೇಕು. ತೊಂದರೆ ಬರುವುದು ಮುಂದಿನ ಸಲ ಪ್ಯಾಕೇಜ್ ಹಾಕಿ ತೆಗೆಯುವ ಆಪ್ಟ್ ಓಡಿಸಿದಾಗ. 20.04ರ ಲಿಬ್‌ಸಿ-ಬಿನ್ ಪ್ಯಾಕೇಜಿಗೆ 2.31ರ ಸಾಲಿನ ಲಿಬ್‌ಸಿ6 ಬೇಕು, 2.32ಕ್ಕೆ ಏರಿದರೆ ಅದು ಒಪ್ಪುವುದಿಲ್ಲ. ಕಂಪೈಲ್ ಮಾಡಲು ಬೇಕಾದ ಲಿಬ್‌ಸಿ6-ಡೆವ್ ಕೂಡ ತನ್ನದೇ ಆವೃತ್ತಿಯನ್ನು ಹಟ ಹಿಡಿದು ಕೇಳುತ್ತದೆ. ಅಲ್ಲಿಂದ ಮುಂದೆ ಯಾವ ಪ್ಯಾಕೇಜನ್ನೂ ಹಾಕಲು ಬಿಡದೆ, ‘ಫಿಕ್ಸ್ ಬ್ರೋಕನ್’ ಓಡಿಸಿ ಎನ್ನುತ್ತದೆ. ಓಡಿಸಿದರೆ ತೆಗೆದುಹಾಕಬೇಕಾದ ಪ್ಯಾಕೇಜುಗಳ ಉದ್ದನೆಯ ಪಟ್ಟಿ ತೋರಿಸುತ್ತದೆ. ಅವಸರದಲ್ಲಿ ‘ವೈ’ ಒತ್ತಿ ಇಡೀ ಡೆಸ್ಕ್‌ಟಾಪನ್ನೇ ಕಳೆದುಕೊಂಡವರು ನನ್ನ ಹತ್ತಿರ ಬಂದಿದ್ದಾರೆ.

ಹಾಗಾದರೆ ಡ್ರಾಯಿಂಗ್ ನೋಡುವುದು ಹೇಗೆ? ಅದೇ ಸಾಫ್ಟ್‌ವೇರ್ ಫ್ಲ್ಯಾಟ್‌ಪ್ಯಾಕ್ ಅಥವಾ ಸ್ನ್ಯಾಪ್ ರೂಪದಲ್ಲಿ ಸಿಗುತ್ತದೆಯೇ ಎಂದು ಮೊದಲು ನೋಡಿ. ಇವೆರಡೂ ತಮಗೆ ಬೇಕಾದ ಜಿಲಿಬ್‌ಸಿಯನ್ನು ತಮ್ಮೊಟ್ಟಿಗೇ ತರುತ್ತವೆ, ನಿಮ್ಮ ವ್ಯವಸ್ಥೆಯದನ್ನು ಮುಟ್ಟುವುದಿಲ್ಲ. ಸಿಕ್ಕರೆ ನಿಮ್ಮ ಅರ್ಧ ಪ್ರಶ್ನೆ ಇವತ್ತೇ ಮುಗಿಯಿತು. ಆಪ್‌ಇಮೇಜ್ ವಿಷಯದಲ್ಲಿ ಮಾತ್ರ ಎಚ್ಚರ. ಒಂದೇ ಫೈಲಿನಲ್ಲಿ ಎಲ್ಲ ಇದೆ ಎನ್ನಿಸಿದರೂ ಸಾಮಾನ್ಯವಾಗಿ ಅದರಲ್ಲಿ ಜಿಲಿಬ್‌ಸಿ ಇರುವುದಿಲ್ಲ. ಹೊಸ ವ್ಯವಸ್ಥೆಯಲ್ಲಿ ಕಟ್ಟಿದ ಆಪ್‌ಇಮೇಜ್ ನಿಮಗೆ ಇದೇ ದೋಷವನ್ನೇ ತೋರಿಸುತ್ತದೆ.

ಸಿಗದಿದ್ದರೆ ಕಂಟೇನರ್. ಡಾಕರ್ ಹಾಕಿ, ಅದರ ಮೇಲೆ ಡಿಸ್ಟ್ರೋಬಾಕ್ಸ್ ಹಾಕಿದರೆ ನಿಮ್ಮ 20.04ರ ಒಳಗೇ ಒಂದು 22.04ರ ಕೋಣೆ ತಯಾರಾಗುತ್ತದೆ. ಕೋಣೆಯೊಳಗಿನ ಪ್ರೋಗ್ರಾಮಿನ ಕಿಟಕಿ ನಿಮ್ಮ ಡೆಸ್ಕ್‌ಟಾಪಿನಲ್ಲೇ ತೆರೆಯುತ್ತದೆ, ಹೋಮ್ ಫೋಲ್ಡರಿನ ಡ್ರಾಯಿಂಗ್‌ಗಳೂ ಕಾಣುತ್ತವೆ. ಒಳಗಿನದು ಹೊಸ ಜಿಲಿಬ್‌ಸಿ, ಕರ್ನಲ್ (ಲಿನಕ್ಸಿನ ತಿರುಳು) ಮಾತ್ರ ನಿಮ್ಮದೇ. ಯೂಸರ್ ಪ್ರೋಗ್ರಾಂಗಳನ್ನು ಕೆಡಿಸಬಾರದು ಎಂದು ಕರ್ನಲ್ ತಂಡ ಹಟ ಹಿಡಿದಿರುವುದರಿಂದಲೇ ಇದು ಸಾಧ್ಯ. ಒಂದು ಮಾತು: ಡಾಕರ್ 20.10.10ಕ್ಕಿಂತ ಹಳೆಯದಿದ್ದರೆ 2.34 ಮತ್ತು ಅದರ ನಂತರದ ಜಿಲಿಬ್‌ಸಿ ಕೇಳುವ ಕ್ಲೋನ್3 ಎಂಬ ಕರೆಯನ್ನು ಅದು ತಡೆಯುತ್ತದೆ. ಆಗ ಬರುವ ದೋಷಗಳಿಗೂ ನಿಜವಾದ ಕಾರಣಕ್ಕೂ ಸಂಬಂಧವೇ ಕಾಣುವುದಿಲ್ಲ. ಮೊದಲು ಡಾಕರನ್ನು ಅಪ್‌ಡೇಟ್ ಮಾಡಿಕೊಳ್ಳಿ.

ಜಿಲಿಬ್‌ಸಿ 2.35 ಅನ್ನು ಬೇರೆ ಫೋಲ್ಡರಿನಲ್ಲಿಟ್ಟು ಎಲ್‌ಡಿ ಲೈಬ್ರರಿ ಪಾತ್ ವೇರಿಯಬಲ್‌ನಲ್ಲಿ ತೋರಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಲೈಬ್ರರಿಗಳನ್ನು ಹುಡುಕಿ ಜೋಡಿಸುವ ಲೋಡರಿನ ದಾರಿ ಪ್ರೋಗ್ರಾಮಿನೊಳಗೇ ಅಚ್ಚಾಗಿರುತ್ತದೆ, ಅದನ್ನು ಈ ವೇರಿಯಬಲ್ ಬದಲಿಸಲಾರದು. ಹಳೇ ಲೋಡರ್, ಹೊಸ ಲಿಬ್‌ಸಿ ಸೇರಿದರೆ ನನ್ನ ಲ್ಯಾಬಿನಲ್ಲಿ ಆದದ್ದೇ ಆಗುತ್ತದೆ. ಆದರೆ ಇಲ್ಲಿ ಆ ಒಂದು ಪ್ರೋಗ್ರಾಂ ಮಾತ್ರ ಸಾಯುತ್ತದೆ. ಪ್ಯಾಚ್‌ಎಲ್ಫ್ ಎಂಬ ಸಾಧನದಿಂದ ಆ ಅಚ್ಚನ್ನೂ ತಿದ್ದಬಹುದು. ಟರ್ಮಿನಲ್‌ನಲ್ಲಿ ಓಡುವ ಸಣ್ಣ ಪ್ರೋಗ್ರಾಂಗಳಿಗೆ ನಾನು ಹಾಗೆ ಮಾಡಿದ್ದಿದೆ. ಗ್ರಾಫಿಕ್ಸ್ ಡ್ರೈವರ್ ಬೇಕಾದ ಮೂರು ಆಯಾಮದ ಸಾಫ್ಟ್‌ವೇರಿಗೆ ಮಾತ್ರ ಆ ದಾರಿ ಹಿಡಿಯಬೇಡಿ.

ಈಗ ನಿಮ್ಮ ಎರಡನೇ ಪ್ರಶ್ನೆ. ಉಬುಂಟು 20.04ರ ಸಾಮಾನ್ಯ ಬೆಂಬಲ 2025ರ ಮೇ ತಿಂಗಳಿಗೆ ಮುಗಿದಿದೆ. ಉಬುಂಟು ಪ್ರೊ ಚಂದಾ ಸೇರಿದರೆ 2030ರವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ, ವೈಯಕ್ತಿಕ ಬಳಕೆಯ ಐದು ಕಂಪ್ಯೂಟರುಗಳವರೆಗೆ ಅದು ಉಚಿತ. ಆದರೂ ಒಂದಲ್ಲ ಒಂದು ದಿನ ಮೇಲಕ್ಕೆ ಹೋಗಲೇಬೇಕು. 20.04ರಿಂದ 22.04ಕ್ಕೆ, ಅಲ್ಲಿಂದ 24.04ಕ್ಕೆ, ನಡುವಿನ ಮೆಟ್ಟಿಲು ಬಿಟ್ಟು ಹಾರಲು ಬರುವುದಿಲ್ಲ.

ಹಳೇ ಸಾಫ್ಟ್‌ವೇರ್ ಜಿಲಿಬ್‌ಸಿಯಿಂದಾಗಿ ನಿಲ್ಲುತ್ತದೆ ಎಂಬ ಭಯ ಬೇಡ. ಹಳೇ ಚೀಟಿಗಳು ಹೊಸದರಲ್ಲೂ ಇರುತ್ತವೆ ಎಂದೆನಲ್ಲ. ಭಯಪಡಬೇಕಾದದ್ದು ಉಳಿದ ಲೈಬ್ರರಿಗಳ ಬಗ್ಗೆ. ಅವನ್ನು ಕಟ್ಟುವವರೆಲ್ಲ ಇಷ್ಟು ಜೋಪಾನ ಮಾಡುವುದಿಲ್ಲ. ಈಗಿನ ಕಂಪ್ಯೂಟರಿನಲ್ಲೇ ಟರ್ಮಿನಲ್ ತೆರೆದು, ಎಲ್‌ಡಿಡಿ ಕಮಾಂಡಿನ ಮುಂದೆ ಆ ಸಾಫ್ಟ್‌ವೇರಿನ ಮುಖ್ಯ ಫೈಲಿನ ಹೆಸರು ಕೊಡಿ. ಅದು ಬಳಸುವ ಲೈಬ್ರರಿಗಳೆಲ್ಲ ಒಂದೊಂದು ಸಾಲಿನಲ್ಲಿ ಬರುತ್ತವೆ, ಅದನ್ನು ಒಂದು ಫೈಲಿನಲ್ಲಿ ಉಳಿಸಿಕೊಳ್ಳಿ. ಗೊತ್ತಿಲ್ಲದವರು ಕೊಟ್ಟ ಪ್ರೋಗ್ರಾಮಿನ ಮೇಲೆ ಮಾತ್ರ ಎಲ್‌ಡಿಡಿ ಓಡಿಸಬೇಡಿ, ಕೆಲವೊಮ್ಮೆ ಅದು ಪ್ರೋಗ್ರಾಮನ್ನೇ ಚಾಲೂ ಮಾಡಿಬಿಡುತ್ತದೆ.

ಆ ಪಟ್ಟಿಯಲ್ಲಿ ‘ಲಿಬ್‌ಎಸ್‌ಎಸ್‌ಎಲ್ ಡಾಟ್ ಎಸ್‌ಒ ಡಾಟ್ 1.1’ ಇದೆಯೇ ಎಂದು ಮೊದಲು ನೋಡಿ. ಲೈಸೆನ್ಸ್ ಪರೀಕ್ಷೆಗೆಂದು ಇಂಥ ಸಾಫ್ಟ್‌ವೇರುಗಳು ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಲೈಬ್ರರಿ (ಲಿಬ್‌ಎಸ್‌ಎಸ್‌ಎಲ್ ಅದರದೇ ಫೈಲು) ಬಳಸುವುದು ಸಾಮಾನ್ಯ. 22.04ರಲ್ಲಿರುವುದು ಓಪನ್‌ಎಸ್‌ಎಸ್‌ಎಲ್ 3, ಅಲ್ಲಿ 1.1 ಇಲ್ಲ. ‘3ರ ಫೈಲಿಗೇ 1.1 ಎಂಬ ಹೆಸರಿನ ಲಿಂಕ್ ಕೊಟ್ಟರಾಯ್ತು’ ಎನ್ನುವ ಸಲಹೆ ನಿಮಗೆ ಖಂಡಿತ ಸಿಗುತ್ತದೆ. ನಿಮ್ಮ ಶಾಪಿನಲ್ಲಿ ಎಂ10 ಬೋಲ್ಟ್‌ಗಳನ್ನು ದಿನವೂ ನೋಡುತ್ತೀರಿ. 1.5 ಪಿಚ್ ಇರುವುದೂ ಎಂ10, 1.25ರ ಫೈನ್ ಪಿಚ್ ಇರುವುದೂ ಎಂ10. ಹೊರಗಿನಿಂದ ಅಳತೆ ಒಂದೇ. ಒಂದರ ನಟ್ಟನ್ನು ಇನ್ನೊಂದರ ಬೋಲ್ಟಿಗೆ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಒಂದೆರಡು ಸುತ್ತು ಹೋಗಿ ಥ್ರೆಡ್ ಹಾಳಾಗುತ್ತದೆ. ಹೆಸರು ಬದಲಿಸಿದ ಲಿಂಕ್ ಮಾಡುವುದೂ ಇಷ್ಟನ್ನೇ. ಫೈಲಿನ ಹೆಸರಿನ ಕೊನೆಯ ಅಂಕಿಯನ್ನು ಓಪನ್‌ಎಸ್‌ಎಸ್‌ಎಲ್‌ನವರು ಬೇಕೆಂದೇ ಬದಲಿಸಿದ್ದಾರೆ, ಹಳೇ ಪ್ರೋಗ್ರಾಂ ಇದಕ್ಕೆ ಕೂಡುವುದಿಲ್ಲ ಎಂದು ಹೇಳುವುದಕ್ಕಾಗಿ.

ಒಳ್ಳೆಯ ಸುದ್ದಿ ಏನೆಂದರೆ, ಹೆಸರುಗಳು ಬೇರೆ ಇರುವುದರಿಂದಲೇ 1.1 ಮತ್ತು 3 ಒಂದೇ ಕಂಪ್ಯೂಟರಿನಲ್ಲಿ ಅಕ್ಕಪಕ್ಕ ಇರಬಹುದು. ನಿಮ್ಮ 20.04ರಿಂದ ಲಿಬ್‌ಎಸ್‌ಎಸ್‌ಎಲ್ ಮತ್ತು ಲಿಬ್‌ಕ್ರಿಪ್ಟೊ ಎಂಬ 1.1ರ ಎರಡೂ ಫೈಲುಗಳನ್ನು ತೆಗೆದು ಹಳೇ ಸಾಫ್ಟ್‌ವೇರಿನ ಫೋಲ್ಡರಿನೊಳಗೇ ಒಂದು ಉಪಫೋಲ್ಡರ್ ಮಾಡಿ ಇಡಿ. ಅದನ್ನು ಚಾಲೂ ಮಾಡುವ ಎರಡು ಸಾಲಿನ ಸ್ಕ್ರಿಪ್ಟ್ ಬರೆಯಿರಿ: ಮೊದಲ ಸಾಲಿನಲ್ಲಿ ಎಲ್‌ಡಿ ಲೈಬ್ರರಿ ಪಾತ್‌ಗೆ ಆ ಉಪಫೋಲ್ಡರಿನ ದಾರಿ, ಎರಡನೆಯದರಲ್ಲಿ ಪ್ರೋಗ್ರಾಂ. ಜಿಲಿಬ್‌ಸಿಗೆ ಬಾರದ ಈ ಉಪಾಯ ಇಲ್ಲಿ ಸರಿಯಾಗಿ ಕೂಡುತ್ತದೆ, ಯಾಕೆಂದರೆ ಲೋಡರ್ ಹಾಗೇ ಉಳಿಯುತ್ತದೆ. ಆ ವೇರಿಯಬಲನ್ನು ಟರ್ಮಿನಲ್ ತೆರೆದಾಗಲೆಲ್ಲ ಓದುವ ಬ್ಯಾಶ್‌ಆರ್‌ಸಿ ಫೈಲಿನಲ್ಲಂತೂ ಬರೆಯಬೇಡಿ, ಅಲ್ಲಿ ಬರೆದರೆ ಟರ್ಮಿನಲ್‌ನಿಂದ ಓಡುವ ಪ್ರತಿ ಪ್ರೋಗ್ರಾಮಿಗೂ ಅಂಟಿಕೊಳ್ಳುತ್ತದೆ. ಓಪನ್‌ಎಸ್‌ಎಸ್‌ಎಲ್ 1.1.1ರ ಬೆಂಬಲ 2023ರ ಸೆಪ್ಟೆಂಬರ್‌ನಲ್ಲೇ ನಿಂತಿದೆ, ಆದ್ದರಿಂದ ಆ ಸಾಫ್ಟ್‌ವೇರಿಗೆ ಇಂಟರ್ನೆಟ್ ಬೇಕಾಗಿಲ್ಲದಿದ್ದರೆ ಕೊಡಬೇಡಿ.

ದೋಷದಲ್ಲಿ ‘ಜಿಲಿಬ್‌ಸಿಎಕ್ಸ್‌ಎಕ್ಸ್ 3.4.29’ ಎಂದು ಬಂದರೆ ಅದು ಬೇರೆ ಲೈಬ್ರರಿ, ಸಿ ಪ್ಲಸ್ ಪ್ಲಸ್‌ನದು. ಎಷ್ಟೋ ಸಲ ಸಾಫ್ಟ್‌ವೇರ್ ತನ್ನೊಟ್ಟಿಗೆ ತಂದ ಅದರ ಹಳೇ ಪ್ರತಿಯೇ ಅಡ್ಡಬಂದಿರುತ್ತದೆ. ಆ ಪ್ರತಿಯ ಹೆಸರು ಬದಲಿಸಿ ಪಕ್ಕಕ್ಕಿಟ್ಟು ನೋಡಿ.

ಇದನ್ನು ಓದುವ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ ಒಂದು ಮಾತು. ವಿಟಿಯು ಇರುವ ಊರಿದು, ಪ್ರಾಜೆಕ್ಟ್ ತೋರಿಸುವ ದಿನಗಳಲ್ಲಿ ಇದೇ ದೋಷ ಹಿಡಿದುಕೊಂಡು ಬರುವವರು ತಪ್ಪುವುದಿಲ್ಲ. ತಮ್ಮ ಹೊಸ ಲ್ಯಾಪ್‌ಟಾಪಿನಲ್ಲಿ ಕಂಪೈಲ್ ಮಾಡಿ ಲ್ಯಾಬಿನ ಹಳೇ ಲಿನಕ್ಸಿಗೆ ಒಯ್ಯುತ್ತಾರೆ, ಓಡುವುದಿಲ್ಲ. ನಿಮ್ಮ ಪ್ರೋಗ್ರಾಂ ಓಡಬೇಕಾದ ಎಲ್ಲಕ್ಕಿಂತ ಹಳೇ ಕಂಪ್ಯೂಟರ್ ಯಾವುದೋ ಅದರ ಆವೃತ್ತಿಯ ಕಂಟೇನರಿನೊಳಗೆ ಕಂಪೈಲ್ ಮಾಡಿ. ಪೈಥಾನ್ ಜಗತ್ತು ಇದನ್ನೇ ನಿಯಮ ಮಾಡಿಕೊಂಡಿದೆ. ‘ಮೆನಿಲಿನಕ್ಸ್2014’ ಎಂದು ಹೆಸರಿರುವ ಪ್ಯಾಕೇಜುಗಳನ್ನು ಸೆಂಟ್‌ಓಎಸ್ 7ರ ಜಿಲಿಬ್‌ಸಿ 2.17ಕ್ಕೆ ಹೊಂದುವಂತೆ ಕಟ್ಟುತ್ತಾರೆ, ಅದಕ್ಕೇ ಅವು ಬಹಳಷ್ಟು ಲಿನಕ್ಸ್‌ಗಳಲ್ಲಿ ಓಡುತ್ತವೆ.

ಈ ಉತ್ತರ ತಲುಪುವ ಮೊದಲೇ ನೀವು ಫೋರ್ಸ್ ಹಾಕಿ ಕಂಪ್ಯೂಟರ್ ಏಳದಂತಾಗಿದ್ದರೆ ಗಾಬರಿ ಬೇಡ, ನಿಮ್ಮ ಫೈಲುಗಳು ಎಲ್ಲಿಗೂ ಹೋಗಿಲ್ಲ. ಟರ್ಮಿನಲ್ ಇನ್ನೂ ತೆರೆದಿದ್ದರೆ ಮುಚ್ಚಬೇಡಿ. ಬಂದ್ ಆಗಿದ್ದರೆ ಉಬುಂಟು 20.04ರ ಲೈವ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ ನಿಮ್ಮ ಡಿಸ್ಕನ್ನು ಮೌಂಟ್ ಮಾಡಿಕೊಳ್ಳಿ. 20.04ರಲ್ಲಿ ನಿಜವಾದ ಫೈಲುಗಳ ಹೆಸರು ಲಿಬ್‌ಸಿ-2.31 ಮತ್ತು ಎಲ್‌ಡಿ-2.31, 6 ಎಂದು ಕೊನೆಯಾಗುವುದು ಬರೀ ಲಿಂಕ್. ಹಳೇ ಫೈಲುಗಳು ಉಳಿದಿದ್ದು ಲಿಂಕ್ ಮಾತ್ರ ತಪ್ಪಿದ್ದರೆ ಅದನ್ನು ಸರಿಮಾಡಿದರೆ ಸಾಕು. ಫೈಲುಗಳೇ ಹೋಗಿದ್ದರೆ 20.04ರ ಲಿಬ್‌ಸಿ6 ಪ್ಯಾಕೇಜನ್ನು ಒಂದು ಖಾಲಿ ಫೋಲ್ಡರಿನಲ್ಲಿ ಬಿಚ್ಚಿ, ಬೇಕಾದ ಫೈಲುಗಳನ್ನು ಅಲ್ಲಿಂದ ನಕಲು ಮಾಡಿ. ನೇರವಾಗಿ ಡಿಸ್ಕಿನ ಮೇಲೇ ಬಿಚ್ಚಬೇಡಿ, ಲಿಬ್ ಎಂಬುದು ಅಲ್ಲಿ ಯುಎಸ್‌ಆರ್ ಒಳಗಿನ ಫೋಲ್ಡರಿಗೆ ಲಿಂಕ್ ಆಗಿರುತ್ತದೆ, ಆ ಲಿಂಕೇ ಅಳಿಸಿಹೋಗುವ ಅಪಾಯವಿದೆ. ಆಮೇಲೆ ಸಿಎಚ್‌ರೂಟ್ ಕಮಾಂಡಿನಿಂದ ನಿಮ್ಮ ಡಿಸ್ಕಿನ ವ್ಯವಸ್ಥೆಯೊಳಗೆ ಹೋಗಿ, ಅಲ್ಲಿಂದಲೇ ಆಪ್ಟ್ ಮೂಲಕ ಲಿಬ್‌ಸಿ6 ಅನ್ನು ಅದರ 2.31 ಆವೃತ್ತಿ ನಮೂದಿಸಿ, ಡೌನ್‌ಗ್ರೇಡ್‌ಗೆ ಅನುಮತಿ ಕೊಟ್ಟು ಮತ್ತೆ ಹಾಕಿ.

ಎಲ್ಲ ನೆಟ್ಟಗಿದ್ದರೆ ನಾನು ನಿಮ್ಮ ಜಾಗದಲ್ಲಿ ಏನು ಮಾಡುತ್ತಿದ್ದೆ ಎಂದು ಹೇಳುತ್ತೇನೆ. ಇವತ್ತು ಫ್ಲ್ಯಾಟ್‌ಪ್ಯಾಕ್ ಅಥವಾ ಡಿಸ್ಟ್ರೋಬಾಕ್ಸಿನಲ್ಲಿ ಡ್ರಾಯಿಂಗ್ ನೋಡುವ ಕೆಲಸ ಮುಗಿಸುತ್ತಿದ್ದೆ. ಆಮೇಲೆ ಒಂದು ಹೊಸ ಎಸ್‌ಎಸ್‌ಡಿ ತಂದು, ಶಾಪಿಗೆ ರಜೆ ಇರುವ ದಿನ ಹಳೇ ಡಿಸ್ಕನ್ನು ಬಿಚ್ಚಿ ಡ್ರಾಯರಿನಲ್ಲಿಟ್ಟು, ಹೊಸದರ ಮೇಲೆ 22.04 ಹಾಕುತ್ತಿದ್ದೆ. ಏನೇ ಎಡವಟ್ಟಾದರೂ ಹಳೇ ಡಿಸ್ಕ್ ಸಿಕ್ಕಿಸಿದರೆ ಹತ್ತು ನಿಮಿಷದಲ್ಲಿ ಮಷಿನ್ ಮತ್ತೆ ಓಡುತ್ತದೆ.

ಮಷಿನ್ನಿಗೆ ಕೇಬಲ್ ಜೋಡಿಸಲು ಸಿಎಚ್340 ಚಿಪ್ ಇರುವ ಯುಎಸ್‌ಬಿ ಸೀರಿಯಲ್ ಅಡಾಪ್ಟರ್ ಬಳಸುತ್ತಿದ್ದರೆ, 22.04ರಲ್ಲಿ ಅದು ಕಾಣಿಸಿ ಮರುಕ್ಷಣ ಮಾಯವಾಗಬಹುದು. ಅದು ಲೈಬ್ರರಿಯ ತಂಟೆಯಲ್ಲ. ಅಂಧರ ಬ್ರೈಲ್ ಸಾಧನಗಳಿಗೆಂದು ಇರುವ ಬಿಆರ್‌ಎಲ್‌ಟಿಟಿವೈ ಎಂಬ ಪ್ರೋಗ್ರಾಂ ಆ ಚಿಪ್ಪನ್ನು ತನ್ನದೆಂದು ಎಳೆದುಕೊಳ್ಳುತ್ತದೆ. ನಿಮ್ಮಲ್ಲಿ ಬ್ರೈಲ್ ಸಾಧನ ಬಳಸುವವರು ಯಾರೂ ಇಲ್ಲದಿದ್ದರೆ ಆ ಪ್ಯಾಕೇಜ್ ತೆಗೆಯಿರಿ. ನಿಮ್ಮ ಯೂಸರನ್ನು ಸೀರಿಯಲ್ ಕೇಬಲ್ ಬಳಸಲು ಅನುಮತಿ ಇರುವ ಡಯಲ್‌ಔಟ್ ಗುಂಪಿಗೆ ಸೇರಿಸಿ, ಬಾಡ್ ರೇಟ್, ಪ್ಯಾರಿಟಿ ಹಳೆಯದರಲ್ಲಿದ್ದಂತೆಯೇ ಇವೆಯೇ ನೋಡಿ. ಮೊದಲ ಸಲ ಇಪ್ಪತ್ತು ಸಾಲಿನ ಒಂದು ಪುಟ್ಟ ಪ್ರೋಗ್ರಾಂ ಕಳಿಸಿ, ಜಾಬ್ ಕಟ್ಟದೆ, ಟೂಲನ್ನು ಮೇಲೆತ್ತಿ ಗಾಳಿಯಲ್ಲೇ ಓಡಿಸಿ, ಕಳಿಸಿದ ಒಂದೊಂದು ಸಾಲೂ ಮಷಿನ್ನಿನ ತೆರೆಯಲ್ಲಿ ಹಾಗೇ ಬಂದಿದೆಯೇ ಎಂದು ಕಾಗದದ ಜೊತೆ ತಾಳೆ ಹಾಕಿ.